ಘಟ್ಟ ಇಳಿದು ದ್ವೀಪಕ್ಕೆ: ಬೈಕ್ ತಂಡಗಳಿಗೊಂದು ಕಡಲ ದಾರಿ

ಅಂಜನಾಪುರ ಜಲಾಶಯ ಕೋಡಿ ಬಿದ್ದಾಗ ಧುಮ್ಮಿಕ್ಕುವ ಕುಮುದ್ವತಿಯ ನೀರು ಪೂರ್ವಕ್ಕೆ ಹರಿಯುತ್ತದೆ. ಹುಂಚದ ಕಡೆಯ ಬೆಟ್ಟಗಳಲ್ಲಿ ಹುಟ್ಟುವ ಈ ಹೊಳೆ ಶಿಕಾರಿಪುರದ ಗದ್ದೆ ತೋಟಗಳಿಗೆ ನೀರುಣಿಸಿ, ಮದಗ ಮಾಸೂರು ಕೆರೆಯನ್ನು ಹಾದು, ತುಂಗಭದ್ರೆಯನ್ನು ಸೇರಿ, ಕೊನೆಗೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗಿ ಬೀಳುತ್ತದೆ. ಪಕ್ಕದ ಸೊರಬದ ವರದಾ, ದಂಡಾವತಿಗಳ ಗತಿಯೂ ಅದೇ. ಆದರೆ ಈ ಎರಡೂ ತಾಲ್ಲೂಕಿನ ಜನರಿಗೆ ಹತ್ತಿರದ ಕಡಲು ಇರುವುದು ಪಶ್ಚಿಮದಲ್ಲಿ. ಅಂಜನಾಪುರದಿಂದ ಹೊನ್ನಾವರಕ್ಕೆ ನೂರೈವತ್ತು ಕಿ.ಮೀ. ಆಸುಪಾಸು. ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೊರಟ ಬೈಕ್ ತಂಡ ತಿಂಡಿಗೊಮ್ಮೆ, ಚಹಾಕ್ಕೊಮ್ಮೆ ನಿಂತು, ಜೋಗ ನೋಡಿಕೊಂಡು ಹೋದರೂ ಮಧ್ಯಾಹ್ನದ ಮೀನೂಟದ ಹೊತ್ತಿಗೆ ಕಡಲ ದಡದಲ್ಲಿರುತ್ತದೆ.

ಮಳೆಗಾಲ ಮುಗಿದು ರಸ್ತೆ ಒಣಗುತ್ತಿದ್ದಂತೆ ಮಲೆನಾಡಿನ ಊರೂರಿನಿಂದ ಹುಡುಗರ ತಂಡಗಳು ಘಟ್ಟ ಇಳಿಯುತ್ತವೆ. ಹೆಚ್ಚಿನವರ ಪ್ರವಾಸ ದಡದಲ್ಲೇ ಮುಗಿದುಹೋಗುತ್ತದೆ. ತೆರೆಯಲ್ಲಿ ಕಾಲು ತೋಯಿಸಿ, ನಾಲ್ಕು ಫೋಟೊ ತೆಗೆದು, ಕತ್ತಲಾಗುವ ಮುನ್ನ ಮತ್ತೆ ಘಟ್ಟ ಹತ್ತುತ್ತಾರೆ. ನಮ್ಮ ಕರಾವಳಿಯ ಎದುರಿಗೇ ನಿಂತಿರುವ ದ್ವೀಪಗಳು ಅವರ ಕಣ್ಣಿಗೆ ದಿಗಂತದ ಕಪ್ಪು ಗೆರೆಯಾಗಿಯೇ ಉಳಿಯುತ್ತವೆ. ಆ ಗೆರೆಯವರೆಗೂ ಹೋಗಬಹುದು. ನಾಲ್ಕೈದು ದಿನ ಬಿಡುವು ಮಾಡಿಕೊಂಡರೆ ಒಂದೇ ಸುತ್ತಿನಲ್ಲಿ ಮೂರು ದ್ವೀಪಗಳ ಪ್ರವಾಸ ಸಾಧ್ಯ. ಆದರೆ ರಸ್ತೆಯಲ್ಲಿ ತಂಡ ಪಾಲಿಸುವ ಶಿಸ್ತು ದೋಣಿ ಹತ್ತುವಾಗಲೂ ಜೊತೆಗಿರಬೇಕು. ದಡದಲ್ಲಿ ಅದನ್ನು ಬಿಟ್ಟು ಹೋದವರಿಂದಲೇ ಅನಾಹುತಗಳು ಆಗಿವೆ.

ಯಾವುದು ತೆರೆದಿದೆ, ಯಾವುದು ಮುಚ್ಚಿದೆ

ಕಾರವಾರದ ಎದುರಿನ ಅಂಜುದೀವ್ ದ್ವೀಪದ ಹೆಸರನ್ನು ಹಲವರು ಕೇಳಿರುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ತಂಗಿದ್ದ ದ್ವೀಪ ಅದು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆ ನಡೆದಾಗ ಅದನ್ನು ಪೋರ್ಚುಗೀಸರಿಂದ ಬಿಡಿಸಲು ಹೋದ ನಮ್ಮ ನೌಕಾಪಡೆಯ ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು. ಈಗ ಅದು ನೌಕಾನೆಲೆಯ ವಲಯ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಶಿಕಾರಿಪುರದವರು ಹೆಮ್ಮೆಪಡುವ ಸಂಗತಿಯೊಂದು ಇಲ್ಲಿದೆ. 2005ರಲ್ಲಿ ಕಾರ್ಯಾರಂಭ ಮಾಡಿದ ಈ ನೆಲೆಯ ಹೆಸರು ಐಎನ್‌ಎಸ್ ಕದಂಬ. ಕದಂಬ ವಂಶವನ್ನು ಕಟ್ಟಿದ ಮಯೂರಶರ್ಮನ ಕತೆ ಹೇಳುವ ಕಂಬದ ಶಾಸನ ನಿಂತಿರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ.

ಕಾರವಾರದ ಕೂರ್ಮಗಡಕ್ಕೆ ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆಗೆ ಜನ ದೋಣಿಯಲ್ಲಿ ಹೋಗುತ್ತಾರೆ. ಪಕ್ಕದ ದೇವಗಡದಲ್ಲಿ ಹಳೆಯ ದೀಪಸ್ತಂಭವಿದೆ. ಇವೆರಡೂ ಉತ್ತರದ ದಾರಿಯವು. ಮೊದಲ ಸಲ ಹೊರಡುವ ತಂಡಕ್ಕೆ ದಕ್ಷಿಣದ ಸುತ್ತು ಅನುಕೂಲ. ಹೊನ್ನಾವರದ ಬಸವರಾಜದುರ್ಗ, ಮುರುಡೇಶ್ವರದ ನೇತ್ರಾಣಿ, ಮಲ್ಪೆಯ ಸೇಂಟ್ ಮೇರೀಸ್ ನೋಡಿ, ಕೊಲ್ಲೂರಿನಲ್ಲಿ ಘಟ್ಟ ಹತ್ತಿ ಸಿಗಂದೂರು, ಸಾಗರದ ಮೇಲೆ ಊರು ಸೇರಬಹುದು. ಹೋದ ದಾರಿಯಲ್ಲೇ ಮರಳಬೇಕಿಲ್ಲ.

ಗೇರುಸೊಪ್ಪೆ ಘಾಟಿಯ ತಿರುವುಗಳು

ಶಿರಾಳಕೊಪ್ಪದ ಮೇಲೆ ಸೊರಬ ತಲುಪಿ ಸಿದ್ದಾಪುರದ ಕಡೆ ಹೊರಟರೆ ಬಯಲು ಮುಗಿದು ಕಾಡು ದಟ್ಟವಾಗುತ್ತದೆ. ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ನೀರಿನ ದಿಕ್ಕೂ ಬದಲಾಗುತ್ತದೆ. ಅಲ್ಲಿಂದಾಚೆ ಬಿದ್ದ ಮಳೆ ಅಘನಾಶಿನಿಗೋ ಶರಾವತಿಗೋ ಸೇರಿ ಪಶ್ಚಿಮದ ಕಡಲಿಗೆ ಹೋಗುತ್ತದೆ. ಜೋಗದ ಸಮೀಪ ಮಾವಿನಗುಂಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 69ಕ್ಕೆ ಬಂದರೆ ಮುಂದೆ ಗೇರುಸೊಪ್ಪೆ ಘಾಟಿ.

ಘಾಟಿ ಇಳಿಯುವಾಗ ತಂಡದ ನಿಜವಾದ ತಯಾರಿ ಗೊತ್ತಾಗುತ್ತದೆ. ಹೊಸಬರು ಇಳಿಜಾರಿನಲ್ಲಿ ಕ್ಲಚ್ ಹಿಡಿದು, ಇಲ್ಲವೇ ನ್ಯೂಟ್ರಲ್ ಮಾಡಿ ಬ್ರೇಕಿನ ಮೇಲೇ ಬೈಕ್ ಇಳಿಸುತ್ತಾರೆ. ಪೆಟ್ರೋಲ್ ಉಳಿಯಿತೆಂಬ ಲೆಕ್ಕ ಅವರದು. ಸತತವಾಗಿ ಒತ್ತಿ ಹಿಡಿದ ಬ್ರೇಕ್ ಕಾಯುತ್ತದೆ, ಕಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಬ್ಯಾಗು ಕಟ್ಟಿಕೊಂಡ ಬೈಕಿಗೆ ಈ ಅಪಾಯ ಇನ್ನೂ ಹೆಚ್ಚು. ಏರುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಇರಲಿ. ವೇಗವನ್ನು ಎಂಜಿನ್ನೇ ತಡೆದು ಹಿಡಿಯುತ್ತದೆ. ತಿರುವು ಬರುವ ಮೊದಲೇ ಎರಡೂ ಬ್ರೇಕ್ ಹದವಾಗಿ ಹಾಕಿ ವೇಗ ತಗ್ಗಿಸಿ. ತಿರುವಿನ ನಡುವೆ ಮುಂದಿನ ಬ್ರೇಕ್ ಒತ್ತಬೇಡಿ. ಎದುರಿನಿಂದ ಬಸ್ಸು, ಲಾರಿ ಬಂದರೆ ಅವು ತಿರುಗಲು ನಮ್ಮ ಕಡೆಯ ರಸ್ತೆಯನ್ನೂ ತೆಗೆದುಕೊಳ್ಳುತ್ತವೆ. ಆದ್ದರಿಂದ ಬಲ ತಿರುವಿನಲ್ಲಿ ನಡುಗೆರೆಗೆ ಒತ್ತಿಕೊಂಡು ಹೋಗದೆ ಎಡಕ್ಕೇ ಇರಬೇಕು.

ಆರರಿಂದ ಎಂಟು ಬೈಕುಗಳ ತಂಡವಾದರೆ ನಿಭಾಯಿಸುವುದು ಸುಲಭ. ದಾರಿ ಬಲ್ಲವರು ಮುಂದಿರಲಿ. ಅನುಭವಿಯೊಬ್ಬರು ಪಂಕ್ಚರ್ ಸಾಮಗ್ರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಟ್ಟುಕೊಂಡು ಕೊನೆಯಲ್ಲಿರಲಿ. ಹೊಸಬರ ಜಾಗ ಮುಂದಿನವರ ಬೆನ್ನಿಗೆ, ಅವರ ವೇಗವೇ ತಂಡದ ವೇಗ. ನೇರ ರಸ್ತೆಯಲ್ಲಿ ಒಬ್ಬರು ಬಲಕ್ಕೆ, ಮತ್ತೊಬ್ಬರು ತುಸು ಹಿಂದೆ ಎಡಕ್ಕೆ ಸಾಗಿದರೆ ಬ್ರೇಕ್ ಹಾಕಲು ಎಲ್ಲರಿಗೂ ಜಾಗ ಸಿಗುತ್ತದೆ. ಘಾಟಿಯಲ್ಲಿ ಮಾತ್ರ ಒಬ್ಬರ ಹಿಂದೆ ಒಬ್ಬರೇ. ಪ್ರತಿ ಕವಲಿನಲ್ಲೂ ಮುಂದಿನವರು ನಿಂತು, ಹಿಂದಿನ ಬೈಕ್ ಮಿರರ್‌ನಲ್ಲಿ ಕಂಡ ಮೇಲೆ ತಿರುಗುವ ಪದ್ಧತಿ ಇಟ್ಟುಕೊಂಡರೆ ಮೊಬೈಲ್ ಸಿಗ್ನಲ್ ಇಲ್ಲದ ಕಾಡಿನಲ್ಲೂ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಹಿಂಬದಿ ಕೂತವರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಇರಲೇಬೇಕು.

ಇದು ಸಿಂಗಳೀಕಗಳ ಕಾಡು. ಶರಾವತಿ ಕಣಿವೆಯನ್ನು ಅವುಗಳ ಹೆಸರಿನಲ್ಲೇ ಅಭಯಾರಣ್ಯವೆಂದು ಘೋಷಿಸಲಾಗಿದೆ. ಮರದಿಂದ ಮರಕ್ಕೆ ಹಾರಿ ಬದುಕುವ ಪ್ರಾಣಿಗೆ ಬಿಸ್ಕತ್ತಿನ ಆಸೆ ಹಚ್ಚಿದರೆ ಅದು ರಸ್ತೆಗಿಳಿದು ವಾಹನಕ್ಕೆ ಸಿಕ್ಕಿ ಸಾಯುತ್ತದೆ. ತಿಂಡಿಯ ಪೊಟ್ಟಣವನ್ನು ಘಾಟಿ ಇಳಿದ ಮೇಲೆಯೇ ಬಿಚ್ಚಿ.

ಕೆಳದಿಯವರ ಕಡಲು

ಗೇರುಸೊಪ್ಪೆ ಎಂದರೆ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಊರು. 16ನೇ ಶತಮಾನದ ಉತ್ತರಾರ್ಧವಿಡೀ ಆಳಿದ ಆಕೆಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಮಲೆನಾಡಿನ ಮೆಣಸು, ಅಕ್ಕಿ ಶರಾವತಿಯ ಗುಂಟ ಇಳಿದು ಹೊನ್ನಾವರದ ಬಂದರಿನಿಂದ ಹಡಗು ಹತ್ತುತ್ತಿದ್ದವು. ಆಕೆಯ ಬಳಿಕ ಈ ಕರಾವಳಿ ಕೆಳದಿ ಅರಸರ ಕೈಸೇರಿತು. ಶಿವಪ್ಪನಾಯಕನ ಕಾಲದಲ್ಲಿ, 1652ರಿಂದ 1654ರ ನಡುವೆ, ಹೊನ್ನಾವರ, ಬಸ್ರೂರು, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರು ಕಳೆದುಕೊಂಡರು. ನಾವು ಬೈಕಿನಲ್ಲಿ ಇಳಿದುಬಂದ ಘಟ್ಟವನ್ನು ಆಗ ಎತ್ತುಗಳು ಹೇರು ಹೊತ್ತು ಇಳಿಯುತ್ತಿದ್ದವು.

ಹೊನ್ನಾವರದ ಎದುರಿನ ಬಸವರಾಜದುರ್ಗ ಆ ಕಾಲದ ಸಾಕ್ಷಿ. ಕೆಳದಿ ಮನೆತನದ ಬಸವರಾಜನ ಹೆಸರು ಹೊತ್ತ ಈ ದ್ವೀಪದಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ಕೋಟೆಗೋಡೆಗಳಿವೆ. ಸಾಗರದ ಪಕ್ಕದ ಕೆಳದಿ, ಇಕ್ಕೇರಿಗಳನ್ನು ಕಂಡು ಬೆಳೆದವರಿಗೆ ಅದೇ ಅರಸರ ಕೋಟೆಯನ್ನು ಸುತ್ತಲೂ ಉಪ್ಪುನೀರಿನ ನಡುವೆ ನೋಡುವುದು ಬೇರೆಯದೇ ಅನುಭವ. ಒಳನಾಡಿನ ರಾಜ್ಯವೊಂದು ಕಡಲಿನ ಮೇಲೆ ಎಷ್ಟು ಎಚ್ಚರದ ಕಣ್ಣಿಟ್ಟಿತ್ತು ಎಂಬುದು ಪಾಠದ ಪುಸ್ತಕಕ್ಕಿಂತ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲಿಗೆ ಹೋಗಲು ಸ್ಥಳೀಯ ದೋಣಿಯವರನ್ನೇ ಕೇಳಿ ಗೊತ್ತು ಮಾಡಿಕೊಳ್ಳಬೇಕು. ದೋಣಿ ಶರಾವತಿಯ ಅಳಿವೆಯನ್ನು ದಾಟಬೇಕಾಗುವುದರಿಂದ ಹೊತ್ತು ನೋಡಿಯೇ ಹೊರಡಬೇಕು. ಅಳಿವೆಯಲ್ಲಿ ನದಿ ತಂದ ಮರಳು ತುಂಬಿ ನೀರಿನ ಆಳ ಕಡಿಮೆಯಾಗಿರುತ್ತದೆ. ಇಳಿತದ ಹೊತ್ತಿನಲ್ಲಿ ಹೊರನುಗ್ಗುವ ಹೊಳೆನೀರು, ಒಳಬರುವ ತೆರೆ ಎರಡೂ ಆ ಮರಳಿನ ದಿಬ್ಬದ ಮೇಲೆ ಎದುರುಬದುರಾಗಿ ತೆರೆಗಳು ಕಡಿದಾಗಿ ಏಳುತ್ತವೆ. ಅನುಭವಿ ಮೀನುಗಾರರೂ ಅಳಿವೆಯ ಬಾಯಲ್ಲಿ ದೋಣಿ ಕಳೆದುಕೊಂಡಿದ್ದಾರೆ. ದೋಣಿ ನಡೆಸುವ ತಾಂಡೇಲ ‘ಈಗ ಬೇಡ, ನೀರು ಏರಲಿ’ ಎಂದರೆ ಅದಕ್ಕೆ ಎದುರು ಮಾತಿಲ್ಲ. ಕಾಯುವ ಹೊತ್ತಿನಲ್ಲಿ ಕಾಸರಕೋಡಿನ ಕಾಂಡ್ಲಾವನದ ಮರದ ಕಾಲುದಾರಿಯಲ್ಲಿ ನಡೆದು ಬರಬಹುದು. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಕಡಲಾಮೆಗಳು ಮೊಟ್ಟೆಯಿಡಲು ಬರುವ ಮರಳು ಇದು. ಇಂಥ ಮರಳಿನ ಮೇಲೆ ಬೈಕ್ ಓಡಿಸಿದರೆ ಹೂತಿಟ್ಟ ಮೊಟ್ಟೆಗಳು ಚಕ್ರದ ಕೆಳಗೆ ಹೋಗುತ್ತವೆ. ಬೈಕ್ ರಸ್ತೆಯ ಬದಿಯಲ್ಲೇ ಇರಲಿ.

ನೇತ್ರಾಣಿ: ನೀರಿನ ಕೆಳಗಿನ ಕಾಡು

ಹೊನ್ನಾವರದಿಂದ ಹೆದ್ದಾರಿ 66ರಲ್ಲಿ ಒಂದು ತಾಸಿನೊಳಗೆ ಮುರುಡೇಶ್ವರ. ಅಲ್ಲಿನ ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ಡೈವಿಂಗ್‌ಗೆ ದೇಶದಲ್ಲೇ ಹೆಸರಾದ ತಾಣ. ಹವಳದ ಬಂಡೆಗಳು, ಬಣ್ಣದ ಮೀನುಗಳು, ಮೇಲೆ ಕಡಲ ಹದ್ದುಗಳು. ದ್ವೀಪದಲ್ಲಿ ಕಾಡುಬಿದ್ದ ಆಡುಗಳಿವೆ, ಮೀನುಗಾರರು ನಂಬಿ ನಡೆದುಕೊಳ್ಳುವ ಜಟ್ಟಿಗನ ಸ್ಥಾನವಿದೆ. ನೌಕಾಪಡೆ ಇದನ್ನು ಗುರಿ ಅಭ್ಯಾಸಕ್ಕೂ ಬಳಸುತ್ತ ಬಂದಿದೆ. ಹಾಗಾಗಿ ಪ್ರವಾಸಿಗರು ದ್ವೀಪ ಹತ್ತದೆ ಸುತ್ತಲಿನ ನೀರಿನಲ್ಲೇ ಈಜಿ, ಮುಳುಗಿ ಮರಳುತ್ತಾರೆ.

ಅಕ್ಟೋಬರ್‌ನಿಂದ ಮೇ ನಡುವೆ ಮಾತ್ರ ಇಲ್ಲಿ ಡೈವಿಂಗ್. ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ, ಹೊಳೆಗಳು ತಂದ ಕೆಸರಿನಿಂದ ನೀರೂ ಮಬ್ಬಾಗಿರುತ್ತದೆ. ಮೊದಲ ಸಲ ಇಳಿಯುವವರನ್ನು ತರಬೇತಿ ಪಡೆದವರು ಜೊತೆಯಲ್ಲೇ ಕರೆದೊಯ್ಯುತ್ತಾರೆ. ಉಬ್ಬಸ, ಹೃದಯದ ತೊಂದರೆ, ಕಿವಿಸೋರುವಿಕೆ ಇದ್ದವರು ಮುಂಚೆಯೇ ಹೇಳಬೇಕು. ಗೆಳೆಯರ ಎದುರು ಹಿಂಜರಿದಂತಾಗುತ್ತದೆಂದು ಮುಚ್ಚಿಡುವುದು ತರವಲ್ಲ.

ಘಟ್ಟದ ಮೇಲಿನವರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ನೀರಿನಾಳದಲ್ಲಿ ಒತ್ತಡ ಹೆಚ್ಚಿರುವುದರಿಂದ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಮೈಯ ಕಣಕಣದಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದ ಬಳಿಕ ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರದ ಜಾಗಕ್ಕೆ ಹೋದರೆ ಅದು ಗುಳ್ಳೆಗಳಾಗಿ ಕೀಲುನೋವಿನಿಂದ ಹಿಡಿದು ನರದ ತೊಂದರೆಯವರೆಗೆ ಅಪಾಯ ತರಬಹುದು. ಡೈವಿಂಗ್ ಆದ ಮೇಲೆ ಕನಿಷ್ಠ 12ರಿಂದ 18 ತಾಸು ವಿಮಾನ ಹತ್ತಬಾರದೆಂಬ ನಿಯಮ ಇರುವುದು ಇದಕ್ಕೇ. ಶಿಕಾರಿಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ ಸಂಜೆಗೆ ಘಟ್ಟ ಹತ್ತುವ ಯೋಜನೆ ಬೇಡ. ಆ ರಾತ್ರಿ ಕರಾವಳಿಯಲ್ಲೇ ತಂಗಿ. ನೀವು ಎಲ್ಲಿಂದ ಬಂದವರು, ಯಾವಾಗ ಘಟ್ಟ ಹತ್ತುತ್ತೀರಿ ಎಂಬುದನ್ನು ತರಬೇತುದಾರರಿಗೆ ತಿಳಿಸಿ, ಅವರ ಸಲಹೆಯಂತೆ ನಡೆದುಕೊಳ್ಳಿ. ಈ ಸುತ್ತಿನಲ್ಲಿ ಮುಂದೆ ಮಲ್ಪೆ ಇರುವುದರಿಂದ ಆ ಬಿಡುವು ತಾನಾಗಿಯೇ ಸಿಗುತ್ತದೆ.

ಕಲ್ಲಿನ ಕಂಬಗಳ ದ್ವೀಪ

ಭಟ್ಕಳ, ಬೈಂದೂರು ದಾಟಿದರೆ ಮರವಂತೆ. ರಸ್ತೆಯ ಒಂದು ಬದಿಗೆ ಸೌಪರ್ಣಿಕಾ ಹೊಳೆ, ಇನ್ನೊಂದು ಬದಿಗೆ ಕಡಲು. ಸವಾರರೆಲ್ಲ ನಿಲ್ಲಬಯಸುವ ಈ ಜಾಗದಲ್ಲಿ ಹೆದ್ದಾರಿಯ ವಾಹನಗಳು ಭಾರಿ ವೇಗದಲ್ಲಿ ಹೋಗುತ್ತವೆ. ಇಂಡಿಕೇಟರ್ ಹಾಕಿ, ರಸ್ತೆ ಬಿಟ್ಟು ಪೂರಾ ಕೆಳಗಿಳಿದು ನಿಲ್ಲಿಸಿ. ಮರಳಿನಲ್ಲಿ ಸೈಡ್ ಸ್ಟ್ಯಾಂಡ್ ಹೂತು ಬೈಕ್ ಮಗುಚಿಕೊಳ್ಳದಂತೆ ಅದರಡಿ ಚಪ್ಪಟೆ ಕಲ್ಲೋ ಹಲಗೆ ತುಂಡೋ ಇಡಿ.

ಮಲ್ಪೆಯಿಂದ ಸುಮಾರು ಆರು ಕಿ.ಮೀ. ದೂರದ ಸೇಂಟ್ ಮೇರೀಸ್‌ಗೆ ಪ್ರವಾಸಿ ಹಂಗಾಮಿನಲ್ಲಿ ದೋಣಿಗಳು ಓಡಾಡುತ್ತಿರುತ್ತವೆ. ಇದು ಒಂದೇ ದ್ವೀಪವಲ್ಲ, ಸಾಲಾಗಿ ನಿಂತ ಪುಟ್ಟ ದ್ವೀಪಗಳ ಗುಂಪು. ಜನ ಇಳಿಯುವುದು ತೆಂಗಿನಮರಗಳಿರುವ ದ್ವೀಪದಲ್ಲಿ. ಇಳಿದು ಹತ್ತು ಹೆಜ್ಜೆ ನಡೆದರೆ ಕಪ್ಪು ಕಲ್ಲಿನ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುವುದು ಕಾಣುತ್ತದೆ. ಹತ್ತಿರ ಹೋಗಿ ತಲೆಯ ಭಾಗ ನೋಡಿದರೆ ಹೆಚ್ಚಿನವಕ್ಕೆ ಐದು, ಆರು ಮೂಲೆಗಳಿವೆ. ಬೆರಳಿಟ್ಟು ಎರಡು ಕಂಬಗಳ ನಡುವಿನ ಬಿರುಕನ್ನು ಸವರಿದರೆ ಗೆರೆ ಎಳೆದಷ್ಟು ನೇರ. ಯಾರೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿ ಬಂದ ಶಿಲಾರಸ ಆರುತ್ತ ಕುಗ್ಗಿತು. ಬೇಸಿಗೆಯಲ್ಲಿ ಅಂಜನಾಪುರದ ಹಿನ್ನೀರು ಇಳಿದಾಗ ಕೆರೆಯಂಗಳದ ಮಣ್ಣು ಬಿರಿಯುವಂತೆ ಈ ಕಲ್ಲೂ ಮೇಲಿನಿಂದ ಬಿರಿಯಿತು. ಬಿರುಕುಗಳು ಒಳಗೆ ಇಳಿಯುತ್ತ ಹೋಗಿ ಬಂಡೆಯನ್ನೆಲ್ಲ ಕಂಬಗಳಾಗಿ ಸೀಳಿದವು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಈ ಕಲ್ಲಿನ ಮೇಲೆ ಹೆಸರು ಕೆತ್ತುವ ಕೈಗಳನ್ನು ತಂಡದವರೇ ತಡೆಯಬೇಕು.

ದ್ವೀಪದ ಸುತ್ತ ಚೂಪು ಬಂಡೆಗಳಿವೆ. ಪಾಚಿ ಹಿಡಿದ ಕಲ್ಲಿನ ಮೇಲೆ ನಿಂತು ಸೆಲ್ಫಿ ತೆಗೆಯುವಾಗ ಕಾಲು ಜಾರಿದರೆ ತೆರೆ ಎಳೆದೊಯ್ಯುತ್ತದೆ. ನೀರಿಗಿಳಿಯಲು ಗುರುತು ಹಾಕಿದ ಜಾಗದಲ್ಲಿ ಮಾತ್ರ ಇಳಿಯಿರಿ.

ದೋಣಿಯ ಲೆಕ್ಕ

2019ರ ಜನವರಿ 21ರಂದು ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಜನ ತೀರಿಕೊಂಡರು. ಆ ದೋಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದರು. ಮಡಿದವರಲ್ಲಿ ಮಕ್ಕಳಿದ್ದರು, ನಮ್ಮ ನೆರೆಯ ಹಾವೇರಿ ಜಿಲ್ಲೆಯಿಂದ ಹೋದವರಿದ್ದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ಕಡಲುಪಾಲಾದರು. ಎರಡೂ ಕಡೆ ಸಂಕಟಕ್ಕೆ ಸಿಕ್ಕವರಲ್ಲಿ ಒಳನಾಡಿನಿಂದ ಬಂದವರಿದ್ದರು ಎಂಬುದನ್ನು ಘಟ್ಟದ ಮೇಲಿನ ನಾವು ಮರೆಯಬಾರದು. ಕೆರೆ, ಕಾಲುವೆಯಲ್ಲಿ ಈಜು ಕಲಿತವರಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ. ದಡಕ್ಕೆ ಬಡಿದ ನೀರು ಒಂದು ಕಡೆ ಒಟ್ಟಾಗಿ ರಭಸದಿಂದ ಹಿಂದಕ್ಕೆ ಹೋಗುತ್ತದೆ. ಅದರಲ್ಲಿ ಸಿಕ್ಕವರು ದಡಕ್ಕೆ ನೇರವಾಗಿ ಈಜಲು ಹೋಗಿ ದಣಿದು ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಬಳಿಕ ದಡದತ್ತ ತಿರುಗಬೇಕು. ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು.

ದೋಣಿ ಹತ್ತುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಎಷ್ಟು ಜನರಿಗೆ ಪರವಾನಗಿ ಇದೆ? ಅಷ್ಟೂ ಜನರಿಗೆ ಲೈಫ್ ಜಾಕೆಟ್ ಇದೆಯೇ, ಅದರ ಪಟ್ಟಿ ಸರಿಯಾಗಿ ಬಿಗಿಯುತ್ತದೆಯೇ? ಮರಳುವ ಹೊತ್ತು ಯಾವುದು? ಬೆಳಗಿನ ಹೊತ್ತು ಕಡಲು ಸಮಾಧಾನವಾಗಿರುತ್ತದೆ. ಬಿಸಿಲೇರಿದಂತೆ ನೆಲ ಕಾದು, ಕಡಲಿನಿಂದ ಗಾಳಿ ಬೀಸತೊಡಗಿ ಮಧ್ಯಾಹ್ನದ ಮೇಲೆ ತೆರೆ ಏಳುತ್ತದೆ. ಆದ್ದರಿಂದ ದ್ವೀಪಕ್ಕೆ ಬೆಳಿಗ್ಗೆ, ರಸ್ತೆಗೆ ಮಧ್ಯಾಹ್ನ ಎಂಬ ಲೆಕ್ಕ ಒಳ್ಳೆಯದು. ಕುಡಿದವರನ್ನು ಬೈಕಿಗೂ ದೋಣಿಗೂ ಹತ್ತಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ದಿನವೂ ಕಡಲಿಗಿಳಿಯುವವರೇ ದಡದಲ್ಲಿರುವ ಕಾಲದಲ್ಲಿ ನಮಗೆ ಅಲ್ಲೇನು ಕೆಲಸ? 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜನ ಸತ್ತದ್ದನ್ನೂ ನೆನಪಿಡಬೇಕು. ಮಳೆಗಾಲದಲ್ಲಿ ಕರಾವಳಿಯ ರಸ್ತೆಯೂ ನಂಬಿಕೆಗೆ ಅರ್ಹವಲ್ಲ.

ಮರಳುವ ದಾರಿಯ ದ್ವೀಪಗಳು

ಕೊಲ್ಲೂರಿನಿಂದ ನಾಗೋಡಿ ಘಾಟಿ ಹತ್ತಿ ತುಮರಿಯ ಕಡೆ ತಿರುಗಿದರೆ ಶರಾವತಿ ಹಿನ್ನೀರು ಎದುರಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಕಣಿವೆಗಳು ಮುಳುಗಿ ಗುಡ್ಡದ ತಲೆಗಳು ದ್ವೀಪಗಳಾದವು. ದಶಕಗಳ ಕಾಲ ಇಲ್ಲಿನವರು ಬಸ್ಸು, ಬೈಕುಗಳ ಸಮೇತ ಲಾಂಚಿನಲ್ಲಿ ಹೊಳೆ ದಾಟಿದರು. ರಾತ್ರಿ ಲಾಂಚ್ ನಿಂತ ಮೇಲೆ ಹೆರಿಗೆ ನೋವು, ಹಾವು ಕಡಿತಕ್ಕೂ ಬೆಳಗಿಗೆ ಕಾಯಬೇಕಿತ್ತು, ಇಲ್ಲವೇ ಸುತ್ತುದಾರಿ ಹಿಡಿಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿ.ಮೀ.ಗೂ ಹೆಚ್ಚು ಉದ್ದದ ಕೇಬಲ್ ಸೇತುವೆ ಉದ್ಘಾಟನೆಯಾಯಿತು. ಈಗ ಬೈಕ್ ಕೆಲವೇ ನಿಮಿಷದಲ್ಲಿ ದಾಟುತ್ತದೆ. ನಾಡಿಗೆ ಬೆಳಕು ಕೊಡಲು ನೆಲ ಬಿಟ್ಟುಕೊಟ್ಟ ಜನ ಒಂದು ಸೇತುವೆಗಾಗಿ ಇಷ್ಟು ವರ್ಷ ಕಾದರು ಎಂಬುದು ದಾಟುವವರ ಮನಸ್ಸಿನಲ್ಲಿರಲಿ. ಸೇತುವೆಯ ನಡುವೆ ಬೈಕ್ ನಿಲ್ಲಿಸಿ ದಾರಿ ಕಟ್ಟಬೇಡಿ.

ಊರು ತಲುಪಿದ ಮರುದಿನವೇ ಬೈಕ್ ತೊಳೆಯಿರಿ. ಉಪ್ಪುಗಾಳಿ ಚೈನ್, ಕಡ್ಡಿ, ರಿಮ್, ವೈರಿನ ಜೋಡಣೆಗಳಲ್ಲಿ ಕೂತು ತುಕ್ಕು ಹಿಡಿಸುತ್ತದೆ. ಸಿಹಿನೀರಿನಿಂದ ನಿಧಾನವಾಗಿ ತೊಳೆದು, ಒಣಗಿಸಿ, ಚೈನಿಗೆ ಎಣ್ಣೆ ಹಾಕಿ, ಬ್ರೇಕ್ ಒಮ್ಮೆ ಪರೀಕ್ಷಿಸಿ.

ಆಡಳಿತಕ್ಕೂ ಒಂದು ಮಾತು. ಕಾರವಾರದಿಂದ ಮಲ್ಪೆಯವರೆಗೆ ಪರವಾನಗಿ ಇರುವ ದೋಣಿಗಳ ಪಟ್ಟಿ, ಪ್ರತಿ ದೋಣಿಯ ಜನರ ಮಿತಿ, ಆಯಾ ದಿನದ ಕಡಲಿನ ಸ್ಥಿತಿ ಇಷ್ಟನ್ನೂ ಪ್ರತಿ ಜೆಟ್ಟಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಬೇಕು. ಒಳನಾಡಿನಿಂದ ಬರುವವರಿಗೆ ಕೇಳಿ ತಿಳಿಯಲು ಅಲ್ಲಿ ಪರಿಚಯದವರಿರುವುದಿಲ್ಲ.

ಹೊರಡುವ ಗೆಳೆಯರಿಗೆ ಹೇಳುವುದಿಷ್ಟೇ. ಹೊರಡುವ ಹಿಂದಿನ ಸಂಜೆ ಎಲ್ಲರೂ ಒಂದೆಡೆ ಕೂತು ಮಾತಾಡಿಕೊಳ್ಳಿ. ಯಾರು ಮುಂದೆ, ಯಾರು ಹಿಂದೆ, ಯಾರಿಗೆ ಈಜು ಬಾರದು, ಯಾರಿಗೆ ಯಾವ ಔಷಧ ಬೇಕು ಎಂಬುದು ಎಲ್ಲರಿಗೂ ಗೊತ್ತಿರಲಿ. ಮನೆಯವರಿಗೆ ದಾರಿ, ತಂಗುವ ಊರು, ಮರಳುವ ದಿನ ತಿಳಿಸಿ. ಲೈಫ್ ಜಾಕೆಟ್ ಕೊಡದ ದೋಣಿಯನ್ನು, ಅದು ಕೊನೆಯ ದೋಣಿಯೇ ಆಗಿದ್ದರೂ, ಬಿಟ್ಟುಬಿಡಿ. ದ್ವೀಪಗಳು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷ ಮತ್ತೆ ಘಟ್ಟ ಇಳಿಯಬಹುದು.